ದೊಡ್ಡವ್ವನ ದಾಸಾಳ, ಕಂಪ್ಲಿಯ ನೀರು

ಟಿ.ಬಿ. ಡ್ಯಾಮಿನ ಕ್ವಾಟ್ರಸ್ ಬಿಟ್ಟ ದಿನ ಹಿತ್ತಲಲ್ಲಿ ನಾವು ನಾಲ್ಕು ಜನ ಇದ್ದೆವು. ಅವ್ವ, ಅಪ್ಪ, ನಾನು, ಮತ್ತೆ ಸಾಮಾನು ಕಟ್ಟುವುದಕ್ಕೆ ಕೈ ಹಚ್ಚುತ್ತೇನೆ ಎಂದು ಬೆಳಗಿನ ಮೊದಲ ಬಸ್ಸಿಗೇ ಕಂಪ್ಲಿಯಿಂದ ಬಂದಿಳಿದಿದ್ದ ನನ್ನ ಅತ್ತೆ, ಗಂಡನ ತಾಯಿ. ಮುಂಬಾಗಿಲಲ್ಲಿ ಗಾಡಿ ನಿಂತಿತ್ತು. ಮಂಚ, ಟ್ರಂಕು, ಹಿಟ್ಟಿನ ಡಬ್ಬಿ ಎಲ್ಲ ಏರಿಯಾಗಿತ್ತು. ಡ್ರೈವರು ಎರಡು ಸಲ ಹಾರ್ನು ಹೊಡೆದಿದ್ದ. ಅವ್ವ ಮಾತ್ರ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ದಾಸಾಳದ ಗಿಡದ ಮುಂದೆ ನಿಂತು ಚೆಂಬಿನಿಂದ ಎಲೆಗಳ ಮೇಲೆ ನೀರು ಚಿಮುಕಿಸುತ್ತಿದ್ದಳು. ಊರಿಗೆ ಹೊರಟ ಮಗುವಿಗೆ ಮುಖ ತೊಳೆಸುವ ಹಾಗೆ.

ಪುಸ್ತಕದಲ್ಲಿ ದಾಸವಾಳ ಅಂತ ಬರೆಯುತ್ತಾರೆ, ನಮ್ಮ ಬಾಯಲ್ಲಿ ದಾಸಾಳ. ಅವ್ವನ ಗಿಡ ಅಡುಗೆಮನೆಯ ಶೀಟು ಮುಟ್ಟುವಷ್ಟು ಬೆಳೆದಿತ್ತು. ಹೂವು ಅಂಗೈ ಅಗಲ, ಬೆಳ್ಳಗೆ, ನಟ್ಟನಡುವೆ ಕುಂಕುಮ ಅದ್ದಿದ ಬೆರಳು ಊರಿದಂಥ ಕೆಂಪು. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡಿ ಸುರುಳಿ ಸುತ್ತಿಕೊಂಡು ಬಿದ್ದುಬಿಡುತ್ತದೆ. ಅದಕ್ಕೇ ಈ ಹೂವನ್ನು ಯಾರೂ ಮಾರುವುದಿಲ್ಲ. ಹಂಪಿಯ ಗುಡಿ ಮುಂದೆ ಬುಟ್ಟಿ ಇಟ್ಟು ಕೂತ ಹೂವಿನವಳನ್ನು ಒಂದು ಸಲ ಕೇಳಿದ್ದೆ. ಮಲ್ಲಿಗೆ, ಸೇವಂತಿ, ಕನಕಾಂಬರ ಎಲ್ಲ ಕೇಳು, ದಾಸಾಳ ಮಾತ್ರ ಕೇಳಬೇಡ, ಅದು ನಿನ್ನ ಹಿತ್ತಲಲ್ಲಿ ಇರಬೇಕು, ಇಲ್ಲಾ ನಿನ್ನ ನೆರೆಮನೆಯವಳು ಒಳ್ಳೆಯವಳಿರಬೇಕು ಅಂದಿದ್ದಳು.

ಅವ್ವನ ಗಿಡ ಬಂದದ್ದು ಸಂಡೂರಿನಿಂದ, ದೊಡ್ಡವ್ವನ ಹಿತ್ತಲಿನಿಂದ. ದೊಡ್ಡವ್ವ ಅಂದರೆ ಅವ್ವನ ಅಕ್ಕ. ದೊಡ್ಡಪ್ಪ ಗಣಿಯಲ್ಲಿ ದುಡಿಯುತ್ತಿದ್ದ ಕಾಲ ಅದು. ಅದಿರಿನ ಲಾರಿಗಳು ಓಡಾಡಿ ಓಡಾಡಿ ಅವರ ಓಣಿಯ ಗೋಡೆ, ಕೋಳಿ, ಒಣಹಾಕಿದ ಧೋತರ ಎಲ್ಲವೂ ಕೆಂಧೂಳಿನ ಒಂದೇ ಬಣ್ಣ. ದೊಡ್ಡವ್ವ ದಿನಾ ಸಂಜೆ ಗಿಡದ ತಲೆಯ ಮೇಲಿಂದ ನೀರು ಹೊಯ್ದು ಎಲೆ ತೊಳೆಯುತ್ತಿದ್ದಳು. ಆಗ ಆ ಓಣಿಯಲ್ಲಿ ಅದೊಂದೇ ಹಸಿರು ಕಾಣುತ್ತಿತ್ತು. ಅವ್ವ ಹೋದಾಗಲೆಲ್ಲ ದೊಡ್ಡವ್ವ ಒಂದು ಉಡಿ ಎಲೆ ಕಿತ್ತು, ಒರಳಿಗೆ ಹಾಕಿ ಅರೆದು, ಆ ಲೋಳೆಯನ್ನು ತಂಗಿಯ ತಲೆಗೆ ಮೆತ್ತಿ, ಅರ್ಧ ತಾಸು ಬಿಸಿಲಿಗೆ ಕೂಡಿಸಿ ಎರೆಯುತ್ತಿದ್ದಳು. ನನ್ನ ನೆನಪಿನಲ್ಲಿ ಅವ್ವ ಇನ್ನೊಬ್ಬರ ಕೈಗೆ ತಲೆ ಕೊಟ್ಟು ಸುಮ್ಮನೆ ಕೂತದ್ದು ಅಲ್ಲಿ ಮಾತ್ರ.

ಹಾಗೆ ಒಂದು ಸಲ ಬರುವಾಗ ಪೆನ್ಸಿಲ್ ದಪ್ಪದ ರೆಂಬೆಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬುತ್ತಿ ಗಂಟಿನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತಂದು ಊರಿದ್ದೇ ಡ್ಯಾಮಿನ ಗಿಡ. ದೊಡ್ಡವ್ವ ತೀರಿಕೊಂಡ ಮೇಲೆ ಸಂಡೂರಿನ ಆ ಮನೆ ಬೇರೆಯವರದಾಯಿತು, ಹಿತ್ತಲಿಗೆ ಸಿಮೆಂಟು ಬಿತ್ತು. ಅವ್ವನಿಗೆ ಅಕ್ಕನ ಕೈಯಿಂದ ಬಂದದ್ದು ಅಂತ ಉಳಿದದ್ದು ಇದೊಂದು.

ಈಗ ಅಪ್ಪನಿಗೆ ರಿಟೈರ್ ಆಗಿತ್ತು. ಅವರಿಬ್ಬರೂ ಸಂಡೂರಿನಲ್ಲಿರುವ ನನ್ನ ತಮ್ಮನ ಮನೆಗೆ ಹೊರಟಿದ್ದರು. ತಮ್ಮನದು ಮಹಡಿ ಮನೆ. ಕುಂಡ ಇಟ್ಟರೆ ಮಾಳಿಗೆ ಸೋರುತ್ತದೆ ಅಂತ ಮನೆಯ ಮಾಲೀಕರ ಕಟ್ಟಪ್ಪಣೆ. ಇಷ್ಟು ವರ್ಷದ ಗಿಡವನ್ನು ಅಗೆದು ಒಯ್ಯುವಂತೆಯೂ ಇರಲಿಲ್ಲ. ಅವ್ವ ಇದನ್ನೆಲ್ಲ ಮೊದಲೇ ಯೋಚನೆ ಮಾಡಿ, ಶಿವರಾತ್ರಿಯ ಹೊತ್ತಿಗೇ ಒಂದು ರೆಂಬೆ ಮುರಿದು ಬಣ್ಣದ ಬಕೆಟ್ಟಿನಲ್ಲಿ ಊರಿಟ್ಟಿದ್ದಳು. ಅದು ಬೇರು ಬಿಟ್ಟು ಮೊಣಕಾಲೆತ್ತರ ಬಂದಿತ್ತು. ಹೊಸಪೇಟೆಯ ನನ್ನ ಮನೆಗೆ ಹಿತ್ತಲಿದೆಯಲ್ಲ, ಬಕೆಟ್ಟು ನನ್ನ ಕೈಗೆ ಬಂತು.

ಬಕೆಟ್ಟಿನ ಜೊತೆ ಮಾತೂ ಬಂದವು. ಬೆಳಗಿನ ಬಿಸಿಲು ಪೂರಾ ಬೀಳಬೇಕು, ಮಧ್ಯಾಹ್ನದ್ದು ತಪ್ಪಿದರೂ ನಡೆದೀತು. ಮೊಣಕಾಲುದ್ದ ಗುಂಡಿ ತೆಗೆಯಬೇಕು, ಅಗೆದ ಮಣ್ಣನ್ನೇ ತಿರುಗಿ ತುಂಬಬಾರದು, ಮರಳೂ ತಿಪ್ಪೆಗೊಬ್ಬರವೂ ಬೆರೆಸಬೇಕು. ಎಲೆಯ ಕೆಳಗೆ ಬಿಳಿ ಹಿಟ್ಟಿನಂಥ ಹುಳ ಹತ್ತಿದರೆ ಸೀಗೆಕಾಯಿ ನೀರಲ್ಲಿ ಬಟ್ಟೆ ಅದ್ದಿ ಒರೆಸಬೇಕು. ಮೊಗ್ಗು ಕೂತ ಮೇಲೆ ಜಾಗ ಬದಲಿಸಿದರೆ ಸಿಟ್ಟು ಮಾಡಿಕೊಂಡು ಮೊಗ್ಗೆಲ್ಲ ಉದುರಿಸುತ್ತದೆ. ನೀರು ಹಾಕುವ ಮುಂಚೆ ಬೆರಳು ಎರಡು ಗೆಣ್ಣು ಮಣ್ಣಿನೊಳಗೆ ಇಳಿಸಿ ನೋಡಬೇಕು. ಮಣ್ಣು ಬೆರಳಿಗೆ ಅಂಟಿದರೆ ಅವತ್ತು ನೀರಿಲ್ಲ.

ಅತ್ತೆ ಗೋಣಿ ಹೊಲಿಯುತ್ತಲೇ ಕೇಳಿಸಿಕೊಳ್ಳುತ್ತಿದ್ದರು. ನಮ್ಮ ಕಡೆ ಬೀಗಿತ್ತಿಯರು ಸುಮ್ಮನೆ ಕೂತರೆ ಏನೋ ಮನಸ್ತಾಪ ಆಗಿದೆ ಅಂತ ಜನ ತಿಳಿಯುತ್ತಾರೆ, ಒಬ್ಬರ ಕಾಲು ಒಬ್ಬರು ಎಳೆದು ಚಾಷ್ಟಿ ಮಾಡಲೇಬೇಕು.

"ಏನ್ರಿ ಬೀಗರ, ಮಗಳನ್ನ ಕೊಡುವಾಗ ಇಷ್ಟು ಹೇಳಿದ್ದಿಲ್ಲ ನೀವು."

"ಮಗಳಿಗೆ ಬಾಯಿ ಐತ್ರಿ, ಕೇಳಿ ಇಸ್ಕೊಂತಾಳ. ಇದಕ್ಕ ಬಾಯಿ ಎಲ್ಲೈತಿ?" ಅಂದಳು ಅವ್ವ.

ಮಗಳ ಬಾಯಿ ಎಷ್ಟು ದೊಡ್ಡದು ಅಂತ ತಮಗೆ ಗೊತ್ತಿದೆ ಅಂತ ಅತ್ತೆ ಅಂದದ್ದಕ್ಕೆ ಅಪ್ಪ ಅವತ್ತು ಮೊದಲ ಸಲ ನಕ್ಕ. ಗಾಡಿ ಹೊರಟಿತು.

ಗಿಡ ಊರುವಾಗಲೇ ಮೊದಲ ತಪ್ಪು ನನ್ನಿಂದ ಆಯಿತು. ಅದನ್ನು ಮುಚ್ಚಿಟ್ಟರೆ ಮುಂದಿನದೆಲ್ಲ ಅತ್ತೆಯ ತಲೆಯ ಮೇಲೆ ಹೋಗುತ್ತದೆ. ನಮ್ಮ ಹಿತ್ತಲಿನದು ಎರೆಮಣ್ಣು. ಒಣಗಿದರೆ ಬಿರುಕು ಬಿಡುತ್ತದೆ, ನೆನೆದರೆ ವಾರಗಟ್ಟಲೆ ನೀರು ಹಿಡಿದು ಕೂರುತ್ತದೆ. ನಾನು ಕುರೆಕುಪ್ಪದ ಕಡೆಯ ಒಂದು ಶಾಲೆಯಲ್ಲಿ ಟೀಚರು. ಅಲ್ಲಿನ ಉಕ್ಕಿನ ಫ್ಯಾಕ್ಟರಿಯ ಮೊದಲ ಶಿಫ್ಟಿನವರ ಜೊತೆ ಬಸ್ಸಿನಲ್ಲಿ ನಿಂತುಕೊಂಡು ಹೋಗುವವಳು. ಶಾಲೆ ಶುರುವಾಗುವ ಗಡಿಬಿಡಿಯಲ್ಲಿ ಮರಳು ಎಲ್ಲಿಂದ ತರಲಿ ಅಂತ ಒಂದು ಬುಟ್ಟಿ ಗೊಬ್ಬರ ಸುರಿದು, ಅದೇ ಮಣ್ಣು ಮುಚ್ಚಿ, ಕೈ ತೊಳೆದುಕೊಂಡೆ. ಗಿಡ ಪಾಪ ಅಷ್ಟಕ್ಕೇ ಹೊಂದಿಕೊಂಡು ನಾಲ್ಕು ಮೊಗ್ಗು ಕಟ್ಟಿತು.

ಜೂನಿನಲ್ಲಿ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದೆವು. ಡಾಕ್ಟರು ಧೂಳು ಬೇಡ, ಹೊಗೆ ಬೇಡ, ಗದ್ದೆಗಂತೂ ಬೇಡವೇ ಬೇಡ ಅಂದರು. ಹಾಗಾಗಿ ಕಂಪ್ಲಿಗೆ ಕಳಿಸದೆ ನಮ್ಮಲ್ಲೇ ಇಟ್ಟುಕೊಂಡೆವು. ಹುಟ್ಟಿದಾಗಿನಿಂದ ಭತ್ತದ ಕೆಸರಿನಲ್ಲಿ ಕಾಲಿಟ್ಟು ಬದುಕಿದ ಜೀವ. ಸಾಲು ಹಿಡಿದು ನಾಟಿ ಹಚ್ಚುವುದರಲ್ಲಿ ಅವರ ಕೈಗೆ ಸಮನಾದ ಕೈ ಆ ಕಡೆ ಇರಲಿಲ್ಲ ಅಂತ ನಮ್ಮ ಮನೆಯವರು ಈಗಲೂ ಹೇಳುತ್ತಾರೆ. ಅಂಥವರನ್ನು ಕರಿ ಕನ್ನಡಕ ಹಾಕಿಸಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರೆ ಕೈ ಏನು ಮಾಡಬೇಕು? ಅಷ್ಟರಲ್ಲಿ ಕಾಲುವೆಗೆ ನೀರು ಬಿಟ್ಟರು. ಕಂಪ್ಲಿಯಿಂದ ಅವರ ಹಿರಿಮಗ, ನನ್ನ ಭಾವ, ಫೋನು ಮಾಡಿ ನೀರು ಬಂತು, ನಾಟಿಗೆ ಮಡಿ ಹದ ಮಾಡುತ್ತಿದ್ದೇವೆ ಅಂದ. ಅವತ್ತು ಅತ್ತೆ ಊಟ ಸರಿಯಾಗಿ ಮಾಡಲಿಲ್ಲ.

ನಾನು ಬೆಳಿಗ್ಗೆ ಬಸ್ಸು ಹತ್ತಿದ ಮೇಲೆ ಹಿತ್ತಲಲ್ಲಿ ಏನು ನಡೆಯುತ್ತಿತ್ತು ಅಂತ ನನಗೆ ಗೊತ್ತಾದದ್ದು ತಡವಾಗಿ. ಅತ್ತೆ ದಾಸಾಳದ ಸುತ್ತ ಗೇಣೆತ್ತರದ ಬದು ಕಟ್ಟಿದ್ದರು. ಎಷ್ಟು ಚೆಂದದ ಬದು ಅಂದರೆ, ಹಿಮ್ಮಡಿಯಿಂದ ತುಳಿದು ತುಳಿದು ಒಂದು ತೊಟ್ಟು ಹೊರಗೆ ಹೋಗದ ಹಾಗೆ. ಅದರೊಳಗೆ ಬೆಳಿಗ್ಗೆ ಒಂದು ಸಲ, ಸಂಜೆ ನಾನು ಬರುವ ಮುಂಚೆ ಒಂದು ಸಲ, ಪೈಪು ಬಿಟ್ಟು ತುಂಬಿಸಿ ನೀರು ನಿಲ್ಲಿಸುತ್ತಿದ್ದರು. ನಾನು ಬರುವಷ್ಟರಲ್ಲಿ ಮೇಲಿನ ನೀರು ಇಂಗಿ ಮಣ್ಣು ಒದ್ದೆ ಮಾತ್ರ ಕಾಣುತ್ತಿತ್ತು, ಬದುವನ್ನು ನಾನು ಸುಮ್ಮನೆ ಪಾತಿ ಅಂದುಕೊಂಡಿದ್ದೆ. ಕೆಳಗಿನ ಎಲೆ ಹಳದಿಯಾದವು. ಮೊಗ್ಗು ಅರಳದೆ ತೊಟ್ಟು ಕಳಚಿ ಬಿದ್ದವು. ನೀರು ಸಾಲದು ಅಂತ ಅತ್ತೆ ಇನ್ನೊಂದು ಸಲ ಹೆಚ್ಚಿಗೆ ಬಿಟ್ಟರು. ಭತ್ತ ಹಳದಿಗೆ ತಿರುಗಿದರೆ ಅವರು ಮೊದಲು ಗದ್ದೆಯ ನೀರು ನೋಡುತ್ತಿದ್ದವರು, ಇಲ್ಲೂ ಹಾಗೆಯೇ ನೋಡಿದರು.

ಒಂದು ಭಾನುವಾರ ಗಿಡ ತಲೆ ಬಾಗಿಸಿ ನಿಂತದ್ದು ಕಂಡು ಬೆರಳು ಇಳಿಸಿದೆ. ಎರಡು ಗೆಣ್ಣಲ್ಲ, ಇಡೀ ಬೆರಳು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಮೂಸಿ ನೋಡಿದರೆ ಚರಂಡಿ ವಾಸನೆ. ಅತ್ತೆ ಹಿಂದೆ ನಿಂತಿದ್ದರು. ನನ್ನ ಮುಖ ನೋಡಿ ಅವರಿಗೆ ಗೊತ್ತಾಗಿಹೋಯಿತು.

ಚಿಂತೆ ಮಾಡಬೇಡಿ, ಡ್ಯಾಮಿನ ಹಿತ್ತಲಲ್ಲಿ ತಾಯಿಗಿಡ ಇದೆಯಲ್ಲ, ಒಂದು ರೆಂಬೆ ಕೇಳಿ ತರುತ್ತೇನೆ ಅಂತ ಸಮಾಧಾನ ಹೇಳಿ ಅವತ್ತೇ ಬಸ್ಸು ಹತ್ತಿದೆ. ನಮ್ಮ ಹಳೇ ಮನೆಗೆ ಬಂದಿದ್ದ ಹೆಣ್ಣುಮಗಳು ಒಳ್ಳೆಯವಳು, ಚಹಾ ಕೊಟ್ಟಳು. ಆದರೆ ಹಿತ್ತಲಲ್ಲಿ ಕಾರು ನಿಂತಿತ್ತು. ಕಾರಿಗೆ ಜಾಗ ಬೇಕೆಂದು ತಿಂಗಳ ಹಿಂದೆಯೇ ಎಲ್ಲ ಸಮ ಮಾಡಿಸಿದ್ದರಂತೆ. ಬಟ್ಟೆ ಒಗೆಯುವ ಕಲ್ಲು ಮಾತ್ರ ಗೋಡೆಗೆ ಒರಗಿ ನಿಂತಿತ್ತು. ಅವಳು ನಿಮಗೆ ಬೇಕಾದ ಗಿಡ ಅಂತ ಗೊತ್ತಿದ್ದರೆ ಹೇಳಿ ಕಳಿಸುತ್ತಿದ್ದೆ ಅಂತ ಎರಡೆರಡು ಸಲ ಅಂದಳು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

"ಯವ್ವಾ, ಸಲಿಕಿ ಕೊಡು," ಅಂದರು. "ಬೇರು ಕೊಳತಾವು. ಮ್ಯಾಲಿನ ಜೀವ ಇನ್ನ ಐತಿ. ಇವತ್ತು ತೆಗಿಲಿಲ್ಲಂದ್ರ ನಾಳಿಗೆ ಅದೂ ಇರಂಗಿಲ್ಲ."

ಡಾಕ್ಟರು ಬಗ್ಗಬಾರದು ಅಂದಿದ್ದಾರೆ ಅಂದೆ. ಹಾಗಾದರೆ ನೀನೇ ಅಗೆ, ನಾನು ಹೇಳುತ್ತೇನೆ ಅಂದರು. ಅಗೆದೆ. ಬೇರು ಕರ್ರಗಾಗಿ, ಹಿಡಿದು ಎಳೆದರೆ ನೆನೆದ ಶೇಂಗಾದ ಸಿಪ್ಪೆಯ ಹಾಗೆ ಸುಲಿದು ಕೈಗೆ ಬರುತ್ತಿತ್ತು. ಅತ್ತೆ ಕಾಂಡವನ್ನು ಬುಡದಿಂದ ಮೇಲಕ್ಕೆ ಉಗುರಿನಿಂದ ಕೆರೆಯುತ್ತಾ ಹೋದರು. ಕಂದು, ಕಂದು, ಮತ್ತೂ ಕಂದು. ಕಾಂಡದ ನಡು ದಾಟಿದ ಮೇಲೆ ಹಸಿರು ಕಂಡಿತು. ಅಲ್ಲಿಂದ ಮೇಲಿನ ಕಾಂಡ, ಕವಲುಗಳನ್ನು ಬೆರಳುದ್ದದ ಏಳು ತುಂಡು ಮಾಡಿಸಿದರು. ಎಲೆ ಹೊರಡುವ ಗಣಿಕೆಯ ಕೆಳಗೇ ಓರೆಯಾಗಿ ಕೊಯ್ಯಬೇಕು, ಕಾಂಡ ಜಜ್ಜಬಾರದು. ಎಲೆ ಎಲ್ಲ ತೆಗೆದು, ತುದಿಯ ಎರಡನ್ನು ಮಾತ್ರ ಬಿಟ್ಟು, ಅವನ್ನೂ ಅರ್ಧಕ್ಕೆ ಕತ್ತರಿಸಬೇಕು. ಇಲ್ಲದಿದ್ದರೆ ಬೇರಿಲ್ಲದ ಕಡ್ಡಿ ಅಷ್ಟು ಎಲೆಗೆ ನೀರು ಎಲ್ಲಿಂದ ಕುಡಿಸೀತು?

ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಅಂದೆ. ಕಬ್ಬು ಊರಿಲ್ಲವೇ ನಾವು, ನುಗ್ಗೆ ಊರಿಲ್ಲವೇ, ಕಡ್ಡಿ ಕಡ್ಡಿಯೇ ಅಂದರು. ಆದರೆ ಮಣ್ಣಿಗೆ ಊರಲು ಬಿಡಲಿಲ್ಲ. ಭಾವನಿಗೆ ಫೋನು ಹೋಯಿತು. ಮಾರನೇ ದಿನ ಕಂಪ್ಲಿಯ ಬಸ್ಸಿನಲ್ಲಿ ಒಂದು ಸಣ್ಣ ಚೀಲ ಹೊಳೆಯ ಮರಳು ಬಂತು. ಅಲ್ಲಿಯವರೆಗೆ ಕಡ್ಡಿಗಳು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಅಡುಗೆಮನೆಯ ನೆರಳಲ್ಲಿ ಮಲಗಿದ್ದವು. ತಳಕ್ಕೆ ತೂತು ಹೊಡೆದ ಬಕೆಟ್ಟಿನಲ್ಲಿ ಮರಳು ತುಂಬಿಸಿ, ಅತ್ತೆ ಕುರ್ಚಿಯಲ್ಲಿ ಕೂತು ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಲ್ಲಿ ಒತ್ತಿ ಒಂದೊಂದೇ ನಾಟಿ ಮಾಡಿದರು. ಏಳೂ ಒಂದೇ ಓರೆ, ಒಂದೇ ಅಂತರ.

ಆಮೇಲೆ ಬೇವಿನ ನೆರಳು, ಮೇಲೊಂದು ಪ್ಲಾಸ್ಟಿಕ್ ಕವರಿನ ಮುಸುಕು. ನೀರು ಹೊಯ್ಯುವುದಲ್ಲ, ಬೆರಳು ಅದ್ದಿ ಸಿಡಿಸುವುದು. ದೇವರ ಮುಂದೆ ಕೂತ ಹಾಗೆ ಬಕೆಟ್ಟಿನ ಮುಂದೆ ಕೂರುತ್ತಿದ್ದರು. ಪೈಪಿನ ಕಡೆ ತಿರುಗಿ ನೋಡುತ್ತಿರಲಿಲ್ಲ.

ನಾಲ್ಕು ಕಡ್ಡಿ ಎರಡೇ ವಾರದಲ್ಲಿ ಕಪ್ಪಾದವು. ಮೂರು ಚಿಗುರಿದವು. ನಾನು ಕುಣಿದಾಡಿದೆ. ಈಗಲೇ ನಗಬೇಡ, ಅದು ಕಡ್ಡಿಯೊಳಗಿನ ಹಳೇ ರಸ ತಿಂದು ಚಿಗುರಿದ್ದು, ಕೆಳಗೆ ಬೇರು ಬಿಟ್ಟಾಗ ಹೇಳು ಅಂದರು ಅತ್ತೆ. ನನಗೆ ತಡೆಯಲಾಗಲಿಲ್ಲ. ಬೇರು ಬಿಟ್ಟಿದೆಯೋ ಇಲ್ಲವೋ ನೋಡೋಣ ಅಂತ ಒಂದು ಕಡ್ಡಿಯನ್ನು ಮೆಲ್ಲಗೆ ಜಗ್ಗಿದೆ. ಪೂರ್ತಿ ಬಂತು. ತುದಿಯಲ್ಲಿ ಆಗಷ್ಟೇ ಮೂಡಿದ್ದ ಎಳೆಯ ಬಿಳಿ ಬೇರುಗಳು ಮುರಿದಿದ್ದವು. ಅತ್ತೆ ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡು ಬೇವಿನ ಬುಡಕ್ಕೆ ಹಾಕಿದರು. ಸೊಸೆ ಕೊಂದದ್ದೂ ಒಂದು ಇದೆಯಲ್ಲ ಅಂತ ಅವರಿಗೆ ಒಳಗೊಳಗೆ ಸಮಾಧಾನ ಆಗಿರಬಹುದು.

ನಡುವೆ ನಾಗರ ಪಂಚಮಿ ಬಂತು. ತವರಿಗೆ ಸಂಡೂರಿಗೆ ಹೋದೆ. ಅವ್ವ ಶೇಂಗಾ ಉಂಡಿ, ಎಳ್ಳು ಉಂಡಿ ತಟ್ಟೆಗೆ ಹಾಕುತ್ತಾ ಮೊದಲು ಕೇಳಿದ್ದು ಗಿಡವನ್ನೇ. ಚೊಲೋ ಇದೆ ಅಂದೆ. ಅಷ್ಟು ಹೇಳಿ ಇಡೀ ಉಂಡಿ ಬಾಯಿಗೆ ತುರುಕಿಕೊಂಡೆ.

"ಡ್ಯಾಮಿನ ಹಿತ್ತಲು ಸಮ ಮಾಡ್ಯಾರಂತ," ಅಂದಳು ಅವ್ವ. "ಹೋಗ್ಲಿ ಬಿಡು. ನಿನ್ನ ಹತ್ರ ಐತಲ್ಲ."

ಮಾತು ಅಲ್ಲಿಗೆ ನಿಲ್ಲಲಿಲ್ಲ. ಅಕ್ಕ ಹೋದ ಮೇಲೆ ತಲೆಗೆ ದಾಸಾಳ ಹಚ್ಚಿಲ್ಲ, ಎಲೆ ಇದ್ದರೂ ಒಬ್ಬಳೇ ಅರೆದು ಒಬ್ಬಳೇ ಹಚ್ಚಿಕೊಳ್ಳಲು ಮನಸ್ಸು ಬರಲಿಲ್ಲ, ಗಿಡ ಕಣ್ಣ ಮುಂದಿದ್ದರೆ ಸಾಕು ಅನಿಸುತ್ತಿತ್ತು ಅಂದಳು. ಮುಂದಿನ ತಿಂಗಳು ಚೌತಿಗೆ ಬರುತ್ತೇನೆ, ಗಣಪತಿಗೆ ಮೊದಲ ಹೂವು ನಾನೇ ಕೀಳಬೇಕು ಅಂದಳು. ಆಗಲಿ ಅಂದೆ.

ಹೊಸಪೇಟೆಗೆ ಬಂದು ಅತ್ತೆಯ ಮುಂದೆ ಅವ್ವನ ಮಾತೆಲ್ಲ, ತಲೆಗೆ ಎಲೆ ಹಚ್ಚದ್ದೂ ಸೇರಿಸಿ, ಹೇಳಿಬಿಟ್ಟೆ. ಅಷ್ಟರಲ್ಲಿ ಉಳಿದ ಎರಡರಲ್ಲಿ ಇನ್ನೊಂದರ ಚಿಗುರೂ ಜೋತುಬಿದ್ದಿತ್ತು. ಎಮ್ಮೆ ನುಗ್ಗಿ ತಿಂದುಬಿಟ್ಟಿತು ಅಂತ ಹೇಳೋಣ, ಎಮ್ಮೆಗೆ ಯಾರು ಬೈಯುತ್ತಾರೆ ಅಂತ ನನ್ನ ಉಪಾಯ. ಅತ್ತೆ ಬಕೆಟ್ಟಿನ ಕಡೆ ತಿರುಗಿ ನೀರು ಸಿಡಿಸತೊಡಗಿದರು. ಅವರ ಕಣ್ಣು ವಾಸಿಯಾಗಿತ್ತು, ಕಂಪ್ಲಿಯಲ್ಲಿ ನಾಟಿ ಮುಗಿದು ಕಳೆ ಶುರುವಾಗಿತ್ತು. ಆದರೂ ಚೌತಿ ಮುಗಿಯಲಿ ಅಂತ ಉಳಿದುಕೊಂಡರು.

ಚೌತಿಯ ಹಿಂದಿನ ದಿನ ಅವ್ವ ಬಂದಳು. ಕಾಲು ತೊಳೆದು ನೀರು ಕುಡಿದು, ಹಿತ್ತಲ ಕಡೆ ಹೆಜ್ಜೆ ಹಾಕಿದಳು. ನಾನು ಎಮ್ಮೆಯನ್ನು ಬಾಯಿಗೆ ತಂದುಕೊಳ್ಳುವಷ್ಟರಲ್ಲಿ ಅತ್ತೆ ಬಾಗಿಲಿಗೆ ಅಡ್ಡ ಬಂದು ನಿಂತರು.

"ಬೀಗರ, ನಿಮ್ಮ ಗಿಡ ನಾನ ಕೊಂದೆ," ಅಂದರು. "ನೀರು ಕುಡಿಸಿ ಕುಡಿಸಿ ಕೊಂದೆ. ನಿಮ್ಮ ಮಗಳಿಗೆ ಏನೂ ಅನಬ್ಯಾಡ್ರಿ."

ಅವ್ವ ಅವರ ಮುಖವನ್ನೇ ನೋಡಿದಳು. ನನ್ನ ಅತ್ತೆ ಯಾರ ಮುಂದೂ ತಗ್ಗಿದವರಲ್ಲ. ಅವತ್ತು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದರು. ಅವ್ವ ಅವರನ್ನು ದಾಟಿ ಹಿತ್ತಲಿಗೆ ಹೋದಳು. ಬದುವಿನ ಗುರುತು ನೋಡಿದಳು. ಬೇವಿನ ಕೆಳಗಿನ ಬಕೆಟ್ಟು ನೋಡಿದಳು. ಮುಸುಕು ತೆಗೆದು ಹಾಕಿದ್ದೆವು, ಒಂದೇ ಒಂದು ಕಡ್ಡಿ ಐದು ಎಲೆ ಬಿಟ್ಟು ನಿಂತಿತ್ತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಕೆಟ್ಟನ್ನು ವಾಲಿಸಿ ತಳದ ತೂತಿಗೆ ಕಣ್ಣು ಹಚ್ಚಿದಳು. ನೂಲಿನಂಥ ಬಿಳಿ ಬೇರೊಂದು ಹೊರಗೆ ಇಣುಕಿತ್ತು, ನಾವಿಬ್ಬರೂ ನೋಡಿಯೇ ಇರಲಿಲ್ಲ. ಆಮೇಲೆ ಮರಳಿನೊಳಗೆ ಬೆರಳು ಇಳಿಸಿ, ತೆಗೆದು, ಹೆಬ್ಬೆರಳಿಗೆ ಉಜ್ಜಿ ನೋಡಿದಳು.

"ಇವತ್ತು ನೀರು ಬ್ಯಾಡ್ರಿ," ಅಂದಳು ಅತ್ತೆಗೆ. "ನಾಳಿ ಹಾಕ್ರಿ."

ಅತ್ತೆ ಅಲ್ಲೇ ನೆಲಕ್ಕೆ ಕೂತುಬಿಟ್ಟರು. ಅವ್ವ ಅವರ ಪಕ್ಕಕ್ಕೆ ಸರಿದು ಕೂತಳು. ನಮ್ಮ ಮಗಳಿಗೂ ನೀವು ಹೀಗೇ ಬದು ಕಟ್ಟಿ ಉಣಿಸಿದಿರೋ ಏನೋ, ಮದುವೆಯಾದ ಮೇಲೆ ಎರಡರಷ್ಟಾಗಿದ್ದಾಳೆ ಅಂದಳು. ಅತ್ತೆ ನಗುವುದಕ್ಕೆ ಹೋಗಿ ಕಣ್ಣೊರೆಸಿಕೊಂಡರು. ಡಾಕ್ಟರು ಕಣ್ಣು ಉಜ್ಜಬಾರದು ಅಂದಿದ್ದಾರೆ ಅಂತ ನಾನು ಗದರಿದೆ. ಇಬ್ಬರೂ ನನ್ನನ್ನು ಒಳಗೆ ಹೋಗಿ ಚಹಾ ಇಡು ಅಂದರು. ಆ ವರ್ಷ ಗಣಪತಿಗೆ ನೆರೆಮನೆಯ ಕೆಂಪು ದಾಸಾಳವೇ ಆಯಿತು, ಕೇಳಿ ಕಿತ್ತು ತಂದವಳು ಅವ್ವ.

ದೀಪಾವಳಿ ದಾಟಿದ ಮೇಲೆ ಕಡ್ಡಿಯನ್ನು ನೆಲಕ್ಕೆ ಇಳಿಸಿದೆವು. ಈ ಸಲ ಮೊಣಕಾಲುದ್ದ ಗುಂಡಿ, ಅರ್ಧ ಮರಳು, ಹಳೆಯ ಗೊಬ್ಬರ, ಬುಡ ಸ್ವಲ್ಪ ಎತ್ತರಕ್ಕೆ, ನೀರು ನಿಲ್ಲದೆ ಹರಿದು ಹೋಗುವ ಹಾಗೆ. ಯುಗಾದಿಯ ಹೊತ್ತಿಗೆ ಹೂವು ಬಿಟ್ಟಿತು. ಬೆಳ್ಳಗೆ, ನಡುವೆ ಅದೇ ಕುಂಕುಮ. ಫೋಟೋ ತೆಗೆದು ಸಂಡೂರಿಗೆ ಕಳಿಸಿದೆ. ಅವ್ವ ಕೂಡಲೇ ಫೋನು ಮಾಡಿ, ಎಲೆ ತೊಳೆ, ಧೂಳು ಕಾಣುತ್ತಿದೆ ಅಂದಳು.

ಇನ್ನೊಂದು ವರ್ಷಕ್ಕೆ ಗಿಡ ನನ್ನ ಹೆಗಲು ದಾಟಿತು. ಚಳಿ ಮುಗಿದ ಮೇಲೆ ಸವರಬೇಕು, ಇಲ್ಲದಿದ್ದರೆ ರೆಂಬೆ ಉದ್ದುದ್ದ ಬೆಳೆದು ಹೂವು ಕಡಿಮೆಯಾಗುತ್ತದೆ. ಸವರುವುದಕ್ಕೆ ಅಂತಲೇ ಅವ್ವ ಬಂದಿದ್ದಳು. ಅತ್ತೆಯೂ ಕಂಪ್ಲಿಯಿಂದ ಬಂದರು. ಗುರುವಾರ ಸವರಿದರು. ಕತ್ತರಿಸಿ ಬಿದ್ದ ರೆಂಬೆಗಳನ್ನು ಅತ್ತೆ ಎಸೆಯಲು ಬಿಡಲಿಲ್ಲ, ಎಲೆ ಎಲ್ಲ ಬಿಡಿಸಿ ಒಂದು ಮೊರದಲ್ಲಿ ಹಾಕಿ ಒದ್ದೆ ಬಟ್ಟೆ ಮುಚ್ಚಿಟ್ಟರು. ಯಾಕೆ ಅಂತ ಅವ್ವ ಕೇಳಿದಳು, ದನಕ್ಕೆ ಅಂದರು. ನಮ್ಮ ಮನೆಯಲ್ಲಿ ದನ ಇಲ್ಲ.

ಮಾರನೇ ದಿನ ಶುಕ್ರವಾರ, ನಾನು ಶಾಲೆಗೆ ರಜೆ ಹಾಕಿದ್ದೆ. ಬೆಳಿಗ್ಗೆ ಅತ್ತೆ ಎಲೆಗಳನ್ನು ಒರಳಿಗೆ ಹಾಕಿ ಅರೆದರು. ಹಿತ್ತಲಲ್ಲಿ ಬಿಸಿಲು ಬೀಳುವ ಕಡೆ ಮಣೆ ಹಾಕಿ, "ಬರ್ರಿ ಬೀಗರ, ಕುಂದ್ರಿ," ಅಂದರು. ಅವ್ವ ನನ್ನ ಕಡೆ ತಿರುಗಿ ನೋಡಿದಳು. ನಾನು ಬಟ್ಟೆ ಒಣಹಾಕುವುದರಲ್ಲಿ ಇದ್ದೆ. ಅವ್ವ ತುರುಬು ಬಿಚ್ಚಿ ಕೂತಳು. ಅತ್ತೆ ಬೈತಲೆಯಿಂದ ಶುರುಮಾಡಿ ತುದಿಯವರೆಗೆ ಮೆತ್ತಿದರು, ಅರ್ಧ ತಾಸು ಬಿಟ್ಟು ಬಿಸಿನೀರು ಎರೆದರು. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ತಲೆಯಿಂದ ಇಳಿದ ಹಸಿರು ನೀರು ಮಣೆಯ ಕೆಳಗಿನಿಂದ ಸಣ್ಣ ಕಾಲುವೆಯಾಗಿ ದಾಸಾಳದ ಬುಡದ ಕಡೆ ಹರಿಯುತ್ತಿತ್ತು. ಅತ್ತೆ ಚೆಂಬು ಕೈಯಲ್ಲಿದ್ದ ಹಾಗೇ ಹಿಮ್ಮಡಿಯಿಂದ ಒಂದು ಹಿಡಿ ಮಣ್ಣು ಅಡ್ಡ ತಳ್ಳಿ, ನೀರನ್ನು ಬೇವಿನ ಕಡೆಗೆ ತಿರುಗಿಸಿದರು.